ಎತ್ತಬೇಡಿ: ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಿಂದ ಮೊದಲ ಕೀಮೋವರೆಗಿನ 43 ದಿನಗಳ ಒಂದು ಪ್ರಕರಣ

ನಾನು ಕ್ಯಾನ್ಸರ್ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಶುಶ್ರೂಷಾಧಿಕಾರಿ. ಇದನ್ನು ಬರೆಯಲು ರೋಗಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಮಂದಿಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ದಿನಗಳ ಲೆಕ್ಕವನ್ನೂ ನಡೆದ ತಪ್ಪುಗಳನ್ನೂ ಮುಟ್ಟಿಲ್ಲ. ತಪ್ಪುಗಳಲ್ಲಿ ದೊಡ್ಡದು ನನ್ನದೇ. ಅವರನ್ನು ಇಲ್ಲಿ ಶಾರದಮ್ಮ ಎಂದು ಕರೆಯುತ್ತೇನೆ.

ಹಿನ್ನೆಲೆ

ಶಾರದಮ್ಮನಿಗೆ 47 ವರ್ಷ. ತಾಲ್ಲೂಕು ಕೇಂದ್ರವೊಂದರಲ್ಲಿ ಮನೆಯ ಮುಂಭಾಗದ ಕೋಣೆಯನ್ನೇ ಹೊಲಿಗೆ ಅಂಗಡಿ ಮಾಡಿಕೊಂಡವರು. ಮದುವೆ ಕಾಲದಲ್ಲಿ ದಿನಕ್ಕೆ ಏಳೆಂಟು ರವಿಕೆ ಹೊಲಿಯುವ ಕೈ. ಯಜಮಾನರದು ಅದೇ ಬೀದಿಯಲ್ಲಿ ಚಿಕ್ಕ ಕಿರಾಣಿ ಅಂಗಡಿ. ಮನೆಯಲ್ಲಿ ಅತ್ತೆ, ಪದವಿ ಓದುತ್ತಿರುವ ಮಗಳು. ಆರು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆರಡು ಮೆಟ್‌ಫಾರ್ಮಿನ್ ಮಾತ್ರೆ.

ಎಡ ಸ್ತನದಲ್ಲಿ, ಕಂಕುಳಿನ ಕಡೆಗೆ ಗಡ್ಡೆ ಕೈಗೆ ಸಿಕ್ಕಿತ್ತು. ನೋವಿಲ್ಲದ್ದರಿಂದ ನಾಲ್ಕು ತಿಂಗಳು ಸುಮ್ಮನಿದ್ದರು. ಇದು ನಾವು ವಾರಕ್ಕೆ ಹತ್ತು ಸಲ ಕೇಳುವ ಮಾತು, ಹಾಗಾಗಿ ಇಲ್ಲಿ ಬೆಳೆಸುವುದಿಲ್ಲ. ಮ್ಯಾಮೊಗ್ರಾಮ್ ಆಯಿತು, ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಿದ್ದಾಯಿತು, ಕ್ಯಾನ್ಸರ್ ಎಂದು ಖಚಿತವಾಯಿತು. ಬಿಪಿಎಲ್ ಕಾರ್ಡಿದ್ದುದರಿಂದ ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಶಸ್ತ್ರಚಿಕಿತ್ಸೆಗೆ ಮಂಜೂರಾತಿ ಬೇಗನೆ ಸಿಕ್ಕಿತು. ಸ್ತನವನ್ನು ಪೂರ್ತಿಯಾಗಿ, ಕಂಕುಳಿನ ದುಗ್ಧರಸ ಗ್ರಂಥಿಗಳ ಸಮೇತ ತೆಗೆದರು. ಆ ದಿನವನ್ನು ಸೊನ್ನೆ ಎಂದು ಇಟ್ಟುಕೊಂಡು ಮುಂದಿನದನ್ನು ಎಣಿಸುತ್ತೇನೆ.

ಮುಂದೆ ಆಗಬೇಕಾದದ್ದು ಇಷ್ಟು: ಗಾಯ ಮಾಯಬೇಕು, ತೆಗೆದ ಭಾಗದ ಪೂರ್ಣ ವರದಿ ಬರಬೇಕು, ನಾಲ್ಕರಿಂದ ಆರು ವಾರದೊಳಗೆ ಕೀಮೋ ಶುರುವಾಗಬೇಕು. ಮೂರು ತಿಂಗಳು ದಾಟಿದರೆ ಕೀಮೋದ ಲಾಭ ಕಡಿಮೆಯಾಗುತ್ತದೆಂದು ವೈದ್ಯರು ಎಚ್ಚರಿಸುತ್ತಾರೆ. ಕೀಮೋ ಮುಗಿದ ಮೇಲೆ ವಿಕಿರಣ. ನಮ್ಮ ಕಡೆ ಜನ ಅದನ್ನು ‘ಕರೆಂಟು ಕೊಡುವುದು’ ಎನ್ನುತ್ತಾರೆ. ಕಾಗದದ ಮೇಲೆ ಸರಳ. ಆದರೆ ಈ ಆರು ವಾರ ಯಾರ ಸುಪರ್ದಿಗೂ ಸೇರಿದ್ದಲ್ಲ. ಶಸ್ತ್ರವೈದ್ಯರ ಕೆಲಸ ಮುಗಿದಿರುತ್ತದೆ, ಕೀಮೋ ವೈದ್ಯರದು ಶುರುವಾಗಿರುವುದಿಲ್ಲ. ರೋಗಿ ಮನೆಯಲ್ಲಿರುತ್ತಾರೆ, ಮನೆಯೇ ವಾರ್ಡಾಗಿರುತ್ತದೆ.

ಬಾಟಲಿ

ನಾಲ್ಕನೆಯ ದಿನ ಮನೆಗೆ ಕಳಿಸಿದೆವು. ಪಕ್ಕೆಯಿಂದ ಹೊರಬಂದ ಸಣ್ಣ ಕೊಳವೆ, ಅದರ ತುದಿಗೆ ಒತ್ತಿದರೆ ಕುಗ್ಗುವ ಬಾಟಲಿ. ಅದು ನಿಧಾನವಾಗಿ ಉಬ್ಬುತ್ತ ಒಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಪ್ರತಿದಿನ ಒಂದೇ ಹೊತ್ತಿಗೆ ಅಳೆದು ಬರೆಯಬೇಕು. 24 ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ, ಅದೂ ಸತತ ಎರಡು ದಿನ ಬಂದರೆ ಕೊಳವೆ ತೆಗೆಯುತ್ತೇವೆ.

ಯಜಮಾನರು ಅಂಗಡಿಯ ಉದ್ರಿ ಪುಸ್ತಕದ ಕೊನೆಯ ಪುಟಗಳಲ್ಲಿ ಇದನ್ನು ಬರೆದಿಟ್ಟಿದ್ದರು. ನಾನು ನೋಡಿದ ಅತ್ಯಂತ ಅಚ್ಚುಕಟ್ಟಾದ ದಾಖಲೆಗಳಲ್ಲಿ ಅದೊಂದು: 180, 150, 140, 95, 70, 70, 60, 45. ಎಂಟನೆಯ ಅಂಕಿ ಹನ್ನೆರಡನೆಯ ದಿನದ್ದು. ಅಲ್ಲಿಗೆ ಪಟ್ಟಿ ನಿಲ್ಲುತ್ತದೆ.

ನಿಂತದ್ದು ಏಕೆಂದರೆ ಹದಿನಾಲ್ಕನೆಯ ದಿನ ಮೈದುನನ ಮಗನ ನಿಶ್ಚಿತಾರ್ಥವಿತ್ತು. ಸೆರಗಿನೊಳಗೆ ಬಾಟಲಿ ತೂಗುಹಾಕಿಕೊಂಡು ನೆಂಟರ ಎದುರು ಕೂರುವುದು ಹೇಗೆ? ಎರಡು ವಾರದಿಂದ ಇದ್ದ ಕೊಳವೆ ನಂಜು ಹಿಡಿದೀತೆಂಬ ಭಯವೂ ಇತ್ತು, ಅದು ಪೂರ್ತಿ ಆಧಾರವಿಲ್ಲದ ಭಯವೇನಲ್ಲ. ನಮ್ಮ ಆಸ್ಪತ್ರೆಗೆ ಬಸ್ಸಿನಲ್ಲಿ ನಾಲ್ಕು ಗಂಟೆ. ಊರಿನ ಕ್ಲಿನಿಕ್ ಒಂದರಲ್ಲಿ 45 ಮಿ.ಲೀ. ಬರುತ್ತಿರುವಾಗಲೇ ತೆಗೆಸಿಬಿಟ್ಟರು. ನಮಗೆ ಫೋನು ಮಾಡಲಿಲ್ಲ. ಮಾಡಲು ನಂಬರಾದರೂ ನಾವು ಎಲ್ಲಿ ಕೊಟ್ಟಿದ್ದೆವು? ಡಿಸ್‌ಚಾರ್ಜ್ ಕಾಗದದಲ್ಲಿದ್ದದ್ದು ಆಸ್ಪತ್ರೆಯ ಸ್ವಾಗತ ಕೌಂಟರಿನ ಸಂಖ್ಯೆ.

ಹದಿನೇಳನೆಯ ದಿನ

ಎದೆಯ ಎಡಭಾಗ ನೀರು ತುಂಬಿದ ಚೀಲದಂತೆ ಉಬ್ಬಿದಾಗ ಬಂದರು. ಮುಟ್ಟಿದರೆ ಒಳಗೆ ಅಲೆ. ಕ್ಯಾನ್ಸರ್ ಮತ್ತೆ ಬಂತೆಂದು ಅತ್ತೆ ದಾರಿಯುದ್ದಕ್ಕೂ ಅತ್ತಿದ್ದರಂತೆ. ಅದು ಸಿರೋಮಾ, ತೆಗೆದ ಜಾಗದಲ್ಲಿ ನಿಂತ ನೀರು, ಗ್ರಂಥಿ ತೆಗೆದವರಲ್ಲಿ ಸಾಮಾನ್ಯ. ಸೂಜಿಯಿಂದ 110 ಮಿ.ಲೀ. ಹೊಂಬಣ್ಣದ ನೀರು ತೆಗೆದರು. ಇಪ್ಪತ್ತನೆಯ ದಿನ 80, ಇಪ್ಪತ್ನಾಲ್ಕಕ್ಕೆ 40. ಆಮೇಲೆ ನಿಂತಿತು.

ಆದರೆ ಆ ದಿನ ನನ್ನ ಕಣ್ಣು ಹೋದದ್ದು ಅವರ ಎಡಗೈಯ ಮೇಲೆ. ಸೆರಗನ್ನು ಎರಡು ಸುತ್ತು ಸುತ್ತಿ ತೋಳನ್ನು ಮೈಗೆ ಬಿಗಿದುಕೊಂಡಿದ್ದರು, ಮುರಿದ ಕೈಗೆ ಜೋಳಿಗೆ ಕಟ್ಟಿದ ಹಾಗೆ. ಬಿಚ್ಚಿಸಿ ನೋಡಿದರೆ ತೋಳು ಮುಂದಕ್ಕೆ 65 ಡಿಗ್ರಿ ಏರುವುದರೊಳಗೆ ಮುಖ ಕಿವುಚಿತು. ಪಕ್ಕಕ್ಕೆ ಐವತ್ತೂ ದಾಟಲಿಲ್ಲ. ಕಂಕುಳಿನಿಂದ ಮೊಣಕೈವರೆಗೆ ಚರ್ಮದ ಕೆಳಗೆ ವೀಣೆಯ ತಂತಿಯಂತೆ ಬಿಗಿದ ಒಂದು ಎಳೆ ಎದ್ದು ಕಾಣುತ್ತಿತ್ತು.

“ಕೈಯನ್ನು ಹೀಗೇಕೆ ಕಟ್ಟಿಕೊಂಡಿದ್ದೀರಮ್ಮ?”

“ನೀವೇ ಹೇಳಿದ್ದಿರಲ್ಲ ಸಿಸ್ಟರ್, ಎತ್ತಬೇಡಿ ಎಂದು.”

ಹೇಳಿದ್ದೆ. ಡಿಸ್‌ಚಾರ್ಜ್ ದಿನ ಎಲ್ಲರಿಗೂ ಹೇಳುವ ಹಾಗೆಯೇ ಹೇಳಿದ್ದೆ: “ಎಡಗೈಯಲ್ಲಿ ಏನೂ ಎತ್ತಬೇಡಿ.” ನನ್ನ ಮನಸ್ಸಿನಲ್ಲಿ ಇದ್ದದ್ದು ಬಿಂದಿಗೆ, ಬಕೆಟ್, ಅಕ್ಕಿ ಚೀಲ. ಅವರ ಕಿವಿಗೆ ಬಿದ್ದದ್ದು ‘ಎಡಗೈ ಎತ್ತಬೇಡಿ’. ಮನೆಗೆ ಹೋದ ಮೇಲೆ ಅತ್ತೆ ಅದಕ್ಕೆ ಕಾರಣವನ್ನೂ ಸೇರಿಸಿದರು: ಎತ್ತಿದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಹೊಲಿಗೆಯ ವಿಷಯ ಗೊತ್ತಿರುವ ಹೆಂಗಸಿಗೆ ಇದಕ್ಕಿಂತ ನಂಬುವಂಥ ಕಾರಣ ಇನ್ನೇನಿದೆ? ವ್ಯಾಯಾಮದ ಚಿತ್ರಗಳಿದ್ದ ಹಾಳೆಯನ್ನೂ ಕೊಟ್ಟಿದ್ದೆವು. ಅದರ ವಿವರಣೆ ಇಂಗ್ಲಿಷಿನಲ್ಲಿತ್ತು. ಗಾಯ ಪೂರ್ತಿ ಮಾಗಿದ ಮೇಲೆ ಮಾಡುವುದಿರಬೇಕೆಂದು ಯಜಮಾನರು ಅದನ್ನು ಫೈಲಿನ ತಳಕ್ಕೆ ಸೇರಿಸಿದ್ದರು.

ಇದು ಕೇವಲ ಭುಜ ಹಿಡಿದುಕೊಂಡ ತೊಂದರೆಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ವಿಕಿರಣ ಕೊಡುವಾಗ ರೋಗಿ ಅಂಗಾತ ಮಲಗಿ ಆ ಕಡೆಯ ಕೈಯನ್ನು ತಲೆಯ ಮೇಲಕ್ಕೆ ಎತ್ತಿ, ಅಲುಗದೆ ಇಟ್ಟುಕೊಂಡಿರಬೇಕು. ಕೈ ಏರದಿದ್ದರೆ ಕಿರಣ ಬೀಳಬೇಕಾದ ಜಾಗಕ್ಕೆ ತೋಳೇ ಅಡ್ಡ. ಕೀಮೋ ಶುರುವಾದ ಮೇಲೆ ಸುಸ್ತಿನಲ್ಲಿ ಯಾರೂ ಭುಜ ಬಿಡಿಸಿಕೊಳ್ಳುವ ಉಸಾಬರಿಗೆ ಹೋಗುವುದಿಲ್ಲ. ಐದಾರು ತಿಂಗಳ ನಂತರದ ಚಿಕಿತ್ಸೆಗೆ ಅಡ್ಡಿ ಬೀಳುವುದು ಈಗ, ಈ ವಾರ.

ಅದೇ ದಿನ ಇನ್ನೂ ಎರಡು ಸಂಗತಿ ಹೊರಬಿದ್ದವು. ತೆಗೆದ ಭಾಗದ ಬಯಾಪ್ಸಿ ವರದಿ ಹನ್ನೊಂದನೆಯ ದಿನವೇ ತಯಾರಾಗಿ ಕೌಂಟರಿನಲ್ಲಿ ಕುಳಿತಿತ್ತು. ಆಸ್ಪತ್ರೆಯವರು ಕರೆಯುತ್ತಾರೆಂದು ಇವರು, ಬಂದು ಒಯ್ಯುತ್ತಾರೆಂದು ಅವರು. ಎರಡನೆಯದು, ಬರಿಹೊಟ್ಟೆಯ ಶುಗರ್ 248. ಮಾತ್ರೆ ತಪ್ಪಿಸಿರಲಿಲ್ಲ. ನೋಡಲು ಬಂದವರೆಲ್ಲ ಮೂಸಂಬಿ, ಎಳನೀರು ತಂದಿದ್ದರು. ಶಕ್ತಿ ಬರಲೆಂದು ದಿನಕ್ಕೆ ಮೂರು ಲೋಟ ಗ್ಲೂಕೋಸ್ ಪುಡಿಯ ನೀರು ಬೇರೆ.

ಗೋಡೆ, ಟೇಪು, ಹೆಸರುಬೇಳೆ

ನಮ್ಮ ಫಿಸಿಯೊಥೆರಪಿಸ್ಟ್ ವಾರಕ್ಕೆ ಮೂರು ಸಲ ಬರಹೇಳಿದರು. ನಾಲ್ಕು ಗಂಟೆಯ ಬಸ್ಸು, ಹೋಗುತ್ತ ಬರುತ್ತ ಎಂಟು ಗಂಟೆ, ಆಗದ ಮಾತು. ಹಾಗಾಗಿ ಮೊದಲ ನಿರ್ಧಾರ: ಎಲ್ಲವೂ ಮನೆಯಲ್ಲೇ, ಅವರ ಬಳಿ ಇರುವ ಸಾಮಾನಿನಿಂದಲೇ.

ಅಂಗಡಿಯ ಗೋಡೆಗೆ ಎದುರಾಗಿ ನಿಂತು ಎಡಗೈ ಬೆರಳುಗಳನ್ನು ಜೇಡದಂತೆ ಮೇಲಕ್ಕೆ ನಡೆಸಬೇಕು. ಬೆರಳು ನಿಂತಲ್ಲಿ ಒಂದು ಗೆರೆ. ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣವಿತ್ತಲ್ಲ, ಅದರಿಂದಲೇ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆದರು. ಮೊದಲ ಗೆರೆ ಅವರ ಗಲ್ಲದ ಮಟ್ಟಕ್ಕೂ ಇರಲಿಲ್ಲ. ಬಾಗಿಲ ಮೇಲಿನ ಕೊಂಡಿಗೆ ಹಗ್ಗ ಹಾಯಿಸಿ, ಬಲಗೈ ಎಳೆದಂತೆ ಎಡಗೈ ಏರುವ ಹಾಗೆ ಮಗಳು ಒಂದು ರಾಟೆ ಕಟ್ಟಿಕೊಟ್ಟಳು. ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ. ಈ ಒಂದನ್ನು ಹೇಳಲು ಬಹಳ ಮಂದಿ ಮರೆಯುತ್ತಾರೆ. ಮಾತ್ರೆಯನ್ನು ರಾತ್ರಿ ನಿದ್ದೆಗೆಂದು ಉಳಿಸಿಕೊಳ್ಳುವವರೇ ಹೆಚ್ಚು.

ತೋಳು ಬಾತುಕೊಳ್ಳುತ್ತಿದೆಯೇ ಎಂದು ನೋಡಲು ಮೊಣಕೈಯಿಂದ ಹತ್ತು ಸೆಂ.ಮೀ. ಮೇಲೆ, ಹತ್ತು ಸೆಂ.ಮೀ. ಕೆಳಗೆ, ಎರಡೂ ಕೈಗಳ ಸುತ್ತಳತೆ ವಾರಕ್ಕೊಮ್ಮೆ ತೆಗೆಯಬೇಕು. ಅಳತೆ ಟೇಪು ಹಿಡಿಯುವುದನ್ನು ನಾನು ಹೇಳಿಕೊಡಲು ಹೋದೆ. ಶಾರದಮ್ಮ ನನ್ನ ಕೈಯಿಂದ ಟೇಪು ಕಿತ್ತುಕೊಂಡು, “ಹೀಗೆ ಬಿಗಿದು ಹಿಡಿದರೆ ರವಿಕೆ ತೋಳು ಕಚ್ಚುತ್ತದೆ ಸಿಸ್ಟರ್. ಒಂದು ಬೆರಳು ಸಡಿಲ ಬಿಡಬೇಕು, ಪ್ರತಿ ಸಲವೂ ಅಷ್ಟೇ ಸಡಿಲ” ಎಂದರು. ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ಗಂಟಲಿನಿಂದ ಅಧಿಕಾರದ ಧ್ವನಿ ಬಂದದ್ದು ಅದೇ ಮೊದಲು. ಅಲ್ಲಿಯವರೆಗೆ ಪ್ರಶ್ನೆಗಳಿಗೆಲ್ಲ ಯಜಮಾನರೇ ಉತ್ತರ ಕೊಡುತ್ತಿದ್ದರು.

ಊಟದ ವಿಷಯ ಇದಕ್ಕಿಂತ ತೊಡಕಿನದು. ಅತ್ತೆಯ ಪಥ್ಯದ ಪ್ರಕಾರ ಮೊಟ್ಟೆ ನಂಜು, ಮೀನು ನಂಜು, ಬದನೆಕಾಯಿ, ಕಡಲೆಬೀಜ ನಂಜು, ತೊಗರಿಬೇಳೆ ತಿಂದರೆ ಗಾಯ ಕೀವು ಕಟ್ಟುತ್ತದೆ. ಉಳಿದದ್ದು ಅನ್ನ, ತಿಳಿಸಾರು, ಗಂಜಿ. ಸಕ್ಕರೆ ಏರಿಸುವುದೆಲ್ಲ ತಟ್ಟೆಯಲ್ಲಿ, ಗಾಯ ಮಾಯಿಸುವ ಪ್ರೋಟೀನು ತಟ್ಟೆಯ ಹೊರಗೆ. ತೂಕ 61 ಕೆ.ಜಿ.ಯಿಂದ 57ಕ್ಕೆ ಇಳಿದಿತ್ತು. ಕಿರಿಯ ಆಹಾರತಜ್ಞೆಯೊಬ್ಬರು ಇದೆಲ್ಲ ಮೂಢನಂಬಿಕೆ ಎಂದು ಅತ್ತೆಯ ಎದುರೇ ಹೇಳಿಬಿಟ್ಟರು. ಅಜ್ಜಿ ಮಾತಾಡಲಿಲ್ಲ, ಆದರೆ ಮನೆಯ ಒಲೆ ಅವರ ಕೈಯಲ್ಲಿತ್ತು. ಮುಂದಿನ ಭೇಟಿಯವರೆಗೆ ಏನೂ ಬದಲಾಗಲಿಲ್ಲ.

ಆಮೇಲೆ ನಾನು ದಾರಿ ಬದಲಿಸಿದೆ. ಯಾವುದು ನಂಜು ಎಂದು ಕೇಳುವ ಬದಲು, “ಅಜ್ಜಿ, ಬಾಣಂತಿಗೆ ನೀವು ಧೈರ್ಯವಾಗಿ ಏನು ಕೊಡುತ್ತಿದ್ದಿರಿ?” ಎಂದು ಕೇಳಿದೆ. ಹೆಸರುಬೇಳೆ, ಹಾಲು, ಮಜ್ಜಿಗೆ, ಹುರಿಗಡಲೆ. ಸಾಕು. ದಿನಕ್ಕೆರಡು ಸಲ ಹೆಸರುಬೇಳೆ ತೊವ್ವೆ, ಸಂಜೆಗೆ ಹಿಡಿ ಹುರಿಗಡಲೆ, ಅನ್ನ ಅರ್ಧಕ್ಕೆ ಇಳಿಸಿ ಮಜ್ಜಿಗೆ, ಎಳನೀರಿಗೂ ಗ್ಲೂಕೋಸ್ ಪುಡಿಗೂ ರಜೆ. ಹೊಲಿಗೆ ತೆಗೆದ ವಾರದ ನಂತರ ಅಜ್ಜಿಯೇ ಮೊಟ್ಟೆ ಬೇಯಿಸಿಕೊಟ್ಟರು. ವೈದ್ಯರು ಕೆಲವು ವಾರಕ್ಕೆಂದು ಇನ್ಸುಲಿನ್ ಸೇರಿಸಿದರು. ಕೀಮೋ ದಿನ ವಾಂತಿ ತಡೆಯಲು ಕೊಡುವ ಸ್ಟಿರಾಯ್ಡ್ ಶುಗರನ್ನು ಇನ್ನಷ್ಟು ಏರಿಸುತ್ತದೆ. ಅದಕ್ಕೆ ಮೊದಲೇ ಹಿಡಿತಕ್ಕೆ ತರದಿದ್ದರೆ ಆಮೇಲೆ ಕಷ್ಟ.

ಎರಡು ಪ್ಲಸ್

ವರದಿಯಲ್ಲಿ ಇದ್ದದ್ದು: 3.5 ಸೆಂ.ಮೀ. ಗಡ್ಡೆ, ಅಂಚುಗಳು ಶುದ್ಧ, ತೆಗೆದ 16 ಗ್ರಂಥಿಗಳಲ್ಲಿ ಮೂರಕ್ಕೆ ಹಬ್ಬಿದೆ, ಹಾರ್ಮೋನ್ ಗ್ರಾಹಕಗಳು ಪಾಸಿಟಿವ್ (ಎಂದರೆ ಹಾರ್ಮೋನಿನಿಂದ ಬೆಳೆಯುವ ಗಡ್ಡೆ), ಕ್ಯಾನ್ಸರ್ ಕಣಗಳನ್ನು ಬೆಳೆಸುವ ಹರ್-2 ಎಂಬ ಪ್ರೋಟೀನು ‘2+’. ಈ ಕೊನೆಯದನ್ನು ಕಂಡು ಯಜಮಾನರು ಕುಸಿದರು. ಪ್ಲಸ್ ಎಂದರೆ ಪಾಸಿಟಿವ್, ಎರಡು ಪ್ಲಸ್ ಎಂದರೆ ಇಮ್ಮಡಿ. ಅದಕ್ಕೆ ವರ್ಷವಿಡೀ ದುಬಾರಿ ಇಂಜೆಕ್ಷನ್ ಬೇಕೆಂದು ಯಾರೋ ಹೇಳಿದ್ದರು. ಅಂಗಡಿ ಮಾರುವ ಮಾತನ್ನೂ ಎತ್ತಿದ್ದರು.

‘2+’ ಎಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಖಚಿತಪಡಿಸಲು ಫಿಶ್ ಎಂಬ ಇನ್ನೊಂದು ಪರೀಕ್ಷೆ ಮಾಡಿಸಬೇಕು, ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶದ ಬ್ಲಾಕನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸಬೇಕು. ದುಡ್ಡು ಹೊಂದಿಸಿ ಕಳಿಸುವಷ್ಟರಲ್ಲಿ 29ನೆಯ ದಿನ. ಫಲಿತಾಂಶಕ್ಕೆ ಇನ್ನೂ ಮೂರು ವಾರ ಎಂದರು. ಅದು ಬರುವವರೆಗೆ ಕೀಮೋ ಬೇಡ, ಒಂದೇ ಸಲ ಎಲ್ಲ ತಿಳಿದು ಶುರುಮಾಡೋಣ ಎಂದು ಮನೆಯವರು ಪಟ್ಟು ಹಿಡಿದರು. ಮೇಲ್ನೋಟಕ್ಕೆ ವಿವೇಕದ ಮಾತೇ.

ಕೀಮೋ ವೈದ್ಯರು ಒಪ್ಪಲಿಲ್ಲ. ಅವರು ಕಾಗದದ ಮೇಲೆ ಎರಡು ದಾರಿ ಬರೆದು ತೋರಿಸಿದರು. ಫಿಶ್ ನೆಗೆಟಿವ್ ಬಂದರೆ: 21 ದಿನಕ್ಕೊಂದರಂತೆ ನಾಲ್ಕು ಕೆಂಪು ಔಷಧಿಯ ಕೀಮೋ, ಆಮೇಲೆ ವಾರಕ್ಕೊಂದರಂತೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಔಷಧಿಯ ಹನ್ನೆರಡು ಕೀಮೋ. ಪಾಸಿಟಿವ್ ಬಂದರೆ: ಅದೇ ನಾಲ್ಕು, ಅದೇ ಹನ್ನೆರಡು, ಆ ದುಬಾರಿ ಇಂಜೆಕ್ಷನ್ ಸೇರುವುದು ಈ ಹನ್ನೆರಡರ ಜೊತೆಗೆ. ಕೆಂಪು ಔಷಧಿಯೂ ಆ ಇಂಜೆಕ್ಷನ್ನೂ ಎರಡೂ ಹೃದಯಕ್ಕೆ ಭಾರವಾದ್ದರಿಂದ ಒಟ್ಟಿಗೆ ಕೊಡುವುದಿಲ್ಲ. ಎರಡು ದಾರಿಗಳೂ ಮೊದಲ ಹನ್ನೆರಡು ವಾರ ಒಂದೇ. ಕವಲು ಬರುವ ಮುಂಚೆ ಕಾಯುತ್ತ ನಿಲ್ಲುವುದೇಕೆ? ಯಜಮಾನರು ಆ ಚೀಟಿಯನ್ನು ಮಡಚಿ ಉದ್ರಿ ಪುಸ್ತಕದೊಳಗೆ ಇಟ್ಟುಕೊಂಡರು. ಈ ಪ್ರಕರಣದಲ್ಲಿ ದಿನಗಳು ಉಳಿದದ್ದು ಆ ಚೀಟಿಯಿಂದ.

ಉಳಿದ ತಯಾರಿ ಚಕಚಕನೆ ಆಯಿತು: ಹೃದಯದ ಎಕೋ, ಯಕೃತ್ತು ಮೂತ್ರಪಿಂಡದ ಪರೀಕ್ಷೆ, ಹೆಪಟೈಟಿಸ್ ಬಿ ಪರೀಕ್ಷೆ. ಹಲ್ಲಿನ ವೈದ್ಯರ ಬಳಿ ಕಳಿಸಿದ್ದು ಒಳ್ಳೆಯದಾಯಿತು. ಹುಳುಕು ದವಡೆ ಹಲ್ಲೊಂದನ್ನು 24ನೆಯ ದಿನ ಕಿತ್ತರು. ಕೀಮೋದಿಂದ ಬಿಳಿ ರಕ್ತಕಣ ಇಳಿದಿರುವಾಗ ಅದು ಬಾತಿದ್ದರೆ ಆಸ್ಪತ್ರೆ ಸೇರುವ ಪಾಡಾಗುತ್ತಿತ್ತು.

ಬಲಗೈಯೂ ಬೇಕು

ಕೊನೆಯ ತೊಡಕು ರಕ್ತನಾಳದ್ದು. ಗ್ರಂಥಿ ತೆಗೆದ ಎಡಗೈಗೆ ಸೂಜಿ ಚುಚ್ಚುವುದು ಬೇಡವೆಂದಾಯಿತು. ಬಲಗೈ ನಾಳಗಳು ನೂಲಿನಷ್ಟು ಸಣ್ಣ. ಕೆಂಪು ಔಷಧಿ ನಾಳದಿಂದ ಹೊರಗೆ ಸೋರಿದರೆ ಮಾಂಸವನ್ನೇ ಸುಡುತ್ತದೆ. ಹಾಗಾಗಿ ಎರಡು ಆಯ್ಕೆ: ಬಲತೋಳಿನಲ್ಲಿ ತಿಂಗಳುಗಟ್ಟಲೆ ಉಳಿಯುವ ಉದ್ದದ ಕೊಳವೆ, ಇಲ್ಲವೇ ಎದೆಯ ಬಲಭಾಗದ ಚರ್ಮದಡಿ ಪೋರ್ಟ್ ಎಂಬ ಪುಟ್ಟ ಡಬ್ಬಿ. ಮೊದಲನೆಯದಕ್ಕೆ ಇನ್ನೊಂದು ಶಸ್ತ್ರಚಿಕಿತ್ಸೆ ಬೇಡ, ಖರ್ಚೂ ಕಡಿಮೆ. ನಾವೆಲ್ಲ ಅದನ್ನೇ ಹೇಳಿದೆವು. ಶಾರದಮ್ಮನೂ ಮತ್ತೆ ಕುಯ್ಯಿಸಿಕೊಳ್ಳುವುದಿಲ್ಲ ಎಂದಿದ್ದರು.

ಎರಡು ದಿನ ಬಿಟ್ಟು ಅವರೇ ಫೋನು ಮಾಡಿ ನಿರ್ಧಾರ ಬದಲಿಸಿದರು. ಕತ್ತರಿ ಹಿಡಿಯುವುದು, ಯಂತ್ರದ ಚಕ್ರ ತಿರುಗಿಸುವುದು ಬಲಗೈ. ಬಟ್ಟೆ ನಡೆಸುವುದು ಎಡಗೈ. “ಎಡಗೈ ಹೇಗೂ ಅರ್ಧ ಹೋಗಿದೆ. ಬಲಗೈಗೂ ಪೈಪು ಹಾಕಿದರೆ ನಾನು ಆರು ತಿಂಗಳು ಕೂತು ಸೀಲಿಂಗ್ ಫ್ಯಾನ್ ನೋಡಬೇಕೇ?” ವಾರವಾರ ಡ್ರೆಸ್ಸಿಂಗಿಗೆ ನಾಲ್ಕು ಗಂಟೆ ಬಸ್ಸೂ ಅವರ ಲೆಕ್ಕದಲ್ಲಿತ್ತು. ರೋಗಿಯ ಕಸುಬು ಏನೆಂದು ನಮ್ಮ ಫೈಲಿನ ಮೊದಲ ಪುಟದಲ್ಲೇ ಬರೆದಿತ್ತು. ಅದನ್ನು ಓದಿಕೊಂಡು ಸಲಹೆ ಕೊಡುವ ಅಭ್ಯಾಸ ನಮಗಿರಲಿಲ್ಲ. 36ನೆಯ ದಿನ ಪೋರ್ಟ್ ಹಾಕಿಸಿಕೊಂಡರು.

ಏನಾಯಿತು

43ನೆಯ ದಿನ ಮೊದಲ ಕೀಮೋ. ಆರು ವಾರಕ್ಕೆ ಒಂದು ದಿನ ಹೆಚ್ಚು. ಅಂದು ಕೈ ಮುಂದಕ್ಕೆ 130 ಡಿಗ್ರಿ ಏರುತ್ತಿತ್ತು, ತಂತಿಯಂತಿದ್ದ ಎಳೆ ಹೆಚ್ಚುಕಡಿಮೆ ಕರಗಿತ್ತು. 49ನೆಯ ದಿನ ಫಿಶ್ ನೆಗೆಟಿವ್ ಬಂತು. ಹದಿನಾರೂ ಕೀಮೋ ಮುಗಿಸಿ ವಿಕಿರಣದ ಅಳತೆಗೆ ಹೋದಾಗ ಎಡಗೈ ತಲೆಯ ಮೇಲಿನ ಹಲಗೆಗೆ ಸಲೀಸಾಗಿ ತಲುಪಿತು. ಈಗ ಹಾರ್ಮೋನನ್ನು ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆಯಲ್ಲಿದ್ದಾರೆ.

ಎಲ್ಲವೂ ಸರಿಹೋಗಿಲ್ಲ. ತೋಳಿನ ಒಳಭಾಗ ಈಗಲೂ ಜೋಮು ಹಿಡಿದಂತೆಯೇ ಇದೆ, ಎಡ ಮುಂಗೈ ಬಲಕ್ಕಿಂತ ಒಂದೂವರೆ ಸೆಂ.ಮೀ. ದಪ್ಪ. ಮಗಳಿಗೂ ಬರಬಹುದೇ ಎಂಬ ಪ್ರಶ್ನೆಗೆ ಆನುವಂಶಿಕ ಪರೀಕ್ಷೆಯ ಸಲಹೆ ಕೊಟ್ಟಿದ್ದೇವೆ. ಮದುವೆಯ ಮಾತುಕತೆಗೆ ತೊಡಕಾದೀತೆಂದು ಮನೆಯವರು ಮುಂದೂಡುತ್ತಿದ್ದಾರೆ. ಆ ಭಯ ಗೆಲ್ಲಲು ನನಗೆ ಇನ್ನೂ ದಾರಿ ಸಿಕ್ಕಿಲ್ಲ.

ಶುರುವಿನಲ್ಲಿ ಅಂಗಡಿಯ ನಿಲುವುಗನ್ನಡಿಗೆ ಹಳೆಯ ಸೀರೆ ಹೊದಿಸಿದ್ದರೆಂದು ಮಗಳು ಹೇಳಿದ್ದಳು. ಸೀರೆ ತೆಗೆದದ್ದು ಗಿರಾಕಿಗಳಿಗಾಗಿ ಅಲ್ಲ, ತಮ್ಮ ರವಿಕೆಯ ಅಳತೆ ನೋಡಲು. ಮುಂದೆ ಹುಕ್ಕಿನ, ಎಡಭಾಗದ ಲೈನಿಂಗಿನಲ್ಲಿ ಜೇಬಿಟ್ಟ ರವಿಕೆ. ಜೇಬಿಗೆ ಮೆತ್ತನೆಯ ಹತ್ತಿ ಬಟ್ಟೆಯ ಚೀಲ, ಅದರೊಳಗೆ ಸಾಸಿವೆ. ಬರಿಯ ಹತ್ತಿ ತುಂಬಿದರೆ ಹಗುರಾಗಿ ಮೇಲೇರುತ್ತದೆ, ಸಾಸಿವೆಗೆ ತೂಕವಿದೆ, ಕೂತಲ್ಲಿ ಕೂರುತ್ತದೆ ಎಂದು ಲೆಕ್ಕ ಹಾಕಿದ್ದರು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಮೂರು ಸಲ ಬದಲಿಸಿದ್ದರಂತೆ.

ವಾರ್ಡಿನಲ್ಲಿ ನಾವು ಬದಲಿಸಿದ್ದು ಮೂರು. ಬಯಾಪ್ಸಿ ವರದಿ ಬಂದ ದಿನ ಫೋನು ಮಾಡುವುದು ಈಗ ಹೆಸರು ಹಿಡಿದು ಒಬ್ಬರ ಕೆಲಸ. ಡಿಸ್‌ಚಾರ್ಜ್ ಕಾಗದದ ಮೇಲೆ ವಾರ್ಡಿನ ನಂಬರಿದೆ. ಹೇಳಿದ್ದನ್ನು ಮನೆಯವರಿಂದ ಮರಳಿ ಹೇಳಿಸಿಕೊಳ್ಳದೆ ಯಾರನ್ನೂ ಕಳಿಸುವುದಿಲ್ಲ. ಹಾಗೆ ಮರಳಿ ಹೇಳಿಸಿದಾಗ ಮೊದಲ ತಿಂಗಳಲ್ಲೇ ಇನ್ನೂ ಇಬ್ಬರು “ಕೈ ಎತ್ತಬಾರದು” ಎಂದರು.

ವ್ಯಾಯಾಮದ ಹಾಳೆಯನ್ನು ಕನ್ನಡದಲ್ಲಿ ಬರೆದದ್ದು ನಾನು. ‘ಕೊಳವೆ ಇರುವವರೆಗೆ ಕೈಯನ್ನು ಭುಜದ ಮಟ್ಟದವರೆಗೆ ಎತ್ತಿ. ತೆಗೆದ ಮೇಲೆ ವೈದ್ಯರು ಹೇಳಿದಂತೆ ಪೂರ್ತಿ ಎತ್ತಿ. ಭಾರ ಮಾತ್ರ ಎತ್ತಬೇಡಿ.’ ಮೂರನೆಯ ಕೀಮೋಗೆ ಬಂದಾಗ ಶಾರದಮ್ಮನಿಗೆ ಓದಲು ಕೊಟ್ಟೆ. ಡ್ರಿಪ್ ಇಳಿಯುತ್ತಿತ್ತು. ಓದಿ, ಪೆನ್ನು ಕೇಳಿದರು.

“ಪೂರ್ತಿ ಎಂದರೆ ಎಷ್ಟೆಂದು ಯಾರಿಗೆ ತಿಳಿಯುತ್ತದೆ ಸಿಸ್ಟರ್? ಆ ಕೈಯಿಂದಲೇ ತಲೆ ಬಾಚಿ ಜಡೆ ಹಾಕಿಕೊಳ್ಳಿ ಎಂದು ಬರೆಯಿರಿ. ಹೆಂಗಸರಿಗೆ ಅರ್ಥವಾಗುತ್ತದೆ.”

ತಲೆಗೆ ಕಟ್ಟಿಕೊಂಡಿದ್ದ ಹೂವಿನ ಚಿತ್ತಾರದ ಬಟ್ಟೆ ಅವರೇ ಹೊಲಿದದ್ದು. ನಾನು ತಡವರಿಸಿದ್ದನ್ನು ಗಮನಿಸಿರಬೇಕು.

“ನನಗೆ ಬೇಡ ಬಿಡಿ,” ಎಂದು ನಕ್ಕರು, “ಹಾಳೆ ಓದುವಾಗ ಅವರಿಗೆ ಇನ್ನೂ ಕೂದಲಿರುತ್ತದಲ್ಲ.”

ಹಾಗೆಯೇ ಅಚ್ಚು ಹಾಕಿಸಿದ್ದೇವೆ.